ಗೃಹಶುಶ್ರೂಷೆಯಲ್ಲಿ ಪರಿಚಿತ ಹಸ್ತ

ರೋಗಿಯು ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿದೆ. ದೀರ್ಘಕಾಲದ ವ್ಯಾಧಿಗಳಲ್ಲಿ ಶುಶ್ರೂಷೆಯ ಹೆಚ್ಚಿನ ಭಾಗವು ಆರಂಭವಾಗುವುದೇ ಅಲ್ಲಿಂದ. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ತುಂಬಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅವಿಭಕ್ತ ಕುಟುಂಬಗಳು ಒಡೆದು, ಮಕ್ಕಳು ಪರಸ್ಥಳಗಳಲ್ಲಿ ಉದ್ಯೋಗಕ್ಕೆ ನಿಂತಮೇಲೆ, ಹಿರಿಯರ ಸೇವೆಯು ಸಂಬಳದ ಪರಿಚಾರಕರ ಕೈಗೆ ಬಂದಿರುವುದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಅವಮಾನವೂ ಇಲ್ಲ. ಆದರೆ ಆ ಕೈ ದಿನಕ್ಕೊಂದಾಗಬಾರದೆಂಬುದೇ ನಮ್ಮ ವಾದ.

ಸ್ವಂತ ಮನೆಯ ಸಂಗತಿಯನ್ನು ಇಲ್ಲಿ ಎತ್ತುವ ಪರಿಪಾಠ ನಮಗಿಲ್ಲ. ವಿಷಯಕ್ಕೆ ಅವಶ್ಯವಾದುದರಿಂದ ವಾಚಕರ ಕ್ಷಮೆ ಬೇಡಿ ಹೇಳುತ್ತೇವೆ. ನಮ್ಮ ಮಾತೃಶ್ರೀಯವರು ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನವನ್ನೂ ಮಾತನ್ನೂ ಕಳೆದುಕೊಂಡು ಹಾಸಿಗೆ ಹಿಡಿದಾಗ, ಸಂಸ್ಥೆಯೊಂದರ ಮೂಲಕ ಪರಿಚಾರಿಕೆಯನ್ನು ಗೊತ್ತುಮಾಡಿದೆವು. ಎರಡು ತಿಂಗಳೊಳಗೆ ಏಳು ಮಂದಿ ಬಂದುಹೋದರು. ಅವರಲ್ಲಿ ಕೆಟ್ಟವರೆನ್ನತಕ್ಕವರು ಯಾರೂ ಇರಲಿಲ್ಲ. ಆದರೆ ಗಂಜಿಯನ್ನು ಯಾವ ಹದಕ್ಕೆ ಕಾಯಿಸಿದರೆ ನೆತ್ತಿಗೆ ಹತ್ತದೆ ಇಳಿಯುವುದು, ಎಡಗೈಯನ್ನು ಎರಡು ಸಲ ಎತ್ತಿದರೆ ಏನು ಬೇಕೆಂದು ಅರ್ಥ, ಇವನ್ನೆಲ್ಲ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕಾಯಿತು. ಹಿಮ್ಮಡಿ ಕೆಂಪಡರಿದುದನ್ನು ಮೂವರು ಕಂಡಿದ್ದರು. ಮೊದಲಿನಿಂದ ಇದ್ದುದೇ ಇರಬೇಕೆಂದು ಮೂವರೂ ಸುಮ್ಮನಾದರು. ಅದು ಹುಣ್ಣಾಗಿ ಒಡೆದ ಮೇಲೆ ನಮಗೆ ತಿಳಿಯಿತು. ಅದೇ ಮನೆಯಲ್ಲಿದ್ದ ನೀವೇಕೆ ನೋಡಲಿಲ್ಲವೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ನಿನ್ನೆ ಕಂಡವರಿಗೆ ಮಾತ್ರ ಇಂದಿನ ವ್ಯತ್ಯಾಸ ಗೋಚರವಾಗುವುದು. ಹೃದ್ರೋಗಿಯ ಪಾದದ ಬಾವು, ಮರೆವಿನ ರೋಗದವರ ಹೊಸ ಗಾಬರಿ, ಊಟದಲ್ಲಿ ಬಿದ್ದ ಎರಡು ತುತ್ತು, ಇವುಗಳ ಅರ್ಥ ಅಪರಿಚಿತರಿಗೆ ಹೊಳೆಯದು. ವೈದ್ಯರ ವಿಷಯದಲ್ಲಿ ಈ ಮಾತಿಗೆ ಶಾಸ್ತ್ರೀಯ ಆಧಾರವೂ ಉಂಟು. 2018ರಲ್ಲಿ ‘ಬಿಎಂಜೆ ಓಪನ್’ ಎಂಬ ಬ್ರಿಟಿಷ್ ಪತ್ರಿಕೆಯು ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ 22 ಅಧ್ಯಯನಗಳನ್ನು ಪರಿಶೀಲಿಸಲಾಗಿ, ಒಬ್ಬರೇ ವೈದ್ಯರನ್ನು ಎಡೆಬಿಡದೆ ಕಾಣುವವರಲ್ಲಿ ಮರಣಗಳು ಕಡಮೆಯೆಂದು 18 ಅಧ್ಯಯನಗಳಿಂದ ಕಂಡುಬಂದಿತು. ಹಗಲಿರುಳು ಮಗ್ಗುಲಲ್ಲಿರುವ ಪರಿಚಾರಕರಿಗೆ ಈ ನ್ಯಾಯವು ಅನ್ವಯಿಸದೆಂದು ಹೇಳಲು ನಮಗೆ ಕಾರಣ ತೋರದು.

ಪರಿಚಾರಕರಿಗೂ ರಜೆ ಬೇಡವೇ, ಕಾಯಿಲೆ ಬಾರದೇ ಎಂದು ಸಂಸ್ಥೆಗಳವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಒಬ್ಬಳನ್ನೇ ಹಗಲೂ ರಾತ್ರಿಯೂ ದುಡಿಸಬೇಕೆಂದು ನಾವು ಹೇಳುತ್ತಿಲ್ಲ. ಈ ತೊಡಕನ್ನು ಹಾಲೆಂಡ್ ದೇಶದವರು ಬಿಡಿಸಿದ ರೀತಿ ಮನನೀಯವಾಗಿದೆ. ಅಲ್ಲಿ ಗೃಹಶುಶ್ರೂಷೆಯನ್ನು ಬಿಡಿಬಿಡಿ ಕೆಲಸಗಳಾಗಿ ಒಡೆದು, ಒಂದೊಂದಕ್ಕೂ ನಿಮಿಷಗಳ ಲೆಕ್ಕ ಹಚ್ಚಿ, ಸ್ನಾನಕ್ಕೊಬ್ಬರು, ಗಾಯಕ್ಕೊಬ್ಬರು ಎಂಬಂತಾಗಿತ್ತು. 2006ರಲ್ಲಿ ಸ್ವತಃ ಶುಶ್ರೂಷಕರಾದ ಯೋಸ್ ಡಿ ಬ್ಲಾಕ್ ಎಂಬುವರು ‘ನೆರೆಕೇರಿಯ ಆರೈಕೆ’ ಎಂಬರ್ಥದ ‘ಬ್ಯೂರ್ಟ್‌ಜೋರ್ಗ್’ ಸಂಸ್ಥೆಯನ್ನು ಸ್ಥಾಪಿಸಿದರು. 12ಕ್ಕೆ ಮೀರದ ಶುಶ್ರೂಷಕರ ತಂಡವೊಂದು ಒಂದು ಕೇರಿಯ ಹೊಣೆ ಹೊತ್ತು, ತಮ್ಮ ಸರದಿಯನ್ನು ತಾವೇ ಗೊತ್ತುಮಾಡಿಕೊಳ್ಳುತ್ತದೆ. ಒಬ್ಬರು ರಜೆ ಪಡೆದರೆ ಬರುವ ಇನ್ನೊಬ್ಬರೂ ರೋಗಿಗೆ ಪರಿಚಿತರೇ ಆಗಿರುತ್ತಾರೆ.

ನಮ್ಮಲ್ಲಿಯೂ ಇದರ ಬೀಜವಿಲ್ಲದಿಲ್ಲ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಸುಮಾರು 1000 ಜನಸಂಖ್ಯೆಗೆ ಒಬ್ಬರಂತೆ, ಅದೇ ಹಳ್ಳಿಯ ಹೆಣ್ಣುಮಕ್ಕಳನ್ನು ‘ಆಶಾ’ ಕಾರ್ಯಕರ್ತೆಯರನ್ನಾಗಿ ಆರಿಸಲಾಯಿತು. ಮನೆಮನೆಯ ಸ್ಥಿತಿಯನ್ನು ಬಲ್ಲ ನೆರೆಯವಳೆಂಬುದೇ ಅವರ ಬಲ. ಪಟ್ಟಣಿಗರು ಹಣ ತೆತ್ತೂ ಪಡೆಯದಿರುವುದು ಇದನ್ನೇ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಸಂಸ್ಥೆಗಳವರು ಒಂದೊಂದು ಮನೆಗೂ ಇಬ್ಬರನ್ನು ಗೊತ್ತುಮಾಡಿ, ಇಬ್ಬರ ಹೆಸರನ್ನೂ ಕರಾರಿನಲ್ಲಿ ಕಾಣಿಸಲಿ. ಎರಡನೆಯವರು ಮೊದಲನೆಯವರೊಡನೆ ಎರಡು ದಿನವಾದರೂ ಇದ್ದು ಕೆಲಸ ಅರಿಯಲಿ. ರೋಗಿಯ ತಲೆದೆಸೆಯಲ್ಲಿ ದಿನಚರಿಯ ಪುಸ್ತಕವೊಂದಿರಲಿ. ಇಂಥ ಸಂಸ್ಥೆಗಳನ್ನು ನಿಯಂತ್ರಿಸುವ ಅಧಿಕಾರಿಗಳು ದರಪಟ್ಟಿಯನ್ನಷ್ಟೇ ನೋಡದೆ, ಒಂದು ಮನೆಗೆ ಎಷ್ಟು ಜನ ಬದಲಾದರೆಂಬುದನ್ನೂ ವಿಚಾರಿಸಲಿ. ಇನ್ನು ಮನೆಯವರ ಕರ್ತವ್ಯವು ಎಲ್ಲಕ್ಕಿಂತ ಮೊದಲಿನದು. ಪರಿಚಾರಿಕೆಗೆ ಹೊತ್ತಿಗೆ ಸರಿಯಾದ ಊಟ, ವಾರಕ್ಕೊಂದು ಬಿಡುವು, ತಾರೀಖಿಗೆ ಸಂಬಳ, ಮಾತಿನಲ್ಲಿ ಮರ್ಯಾದೆ, ಇವು ದೊರೆಯದ ಮನೆಯಲ್ಲಿ ಯಾರು ತಾನೇ ನಿಲ್ಲುವರು? ನಮ್ಮ ಮನೆಯಲ್ಲಿ ಈ ಏರ್ಪಾಡಾದ ಮೇಲೆ ಬಂದ ಎಂಟನೆಯವಳು ಕೊನೆಯವರೆಗೂ ಉಳಿದಳು. ಮಾತೃಶ್ರೀಯವರ ಹಿಮ್ಮಡಿಯ ಹುಣ್ಣು ಮಾಯ್ದುದು ಅವಳ ಕೈಯಲ್ಲಿಯೇ.