ಕಡಲಿನ ಪಯಣ ಜಗಳೂರಿನಿಂದಲೇ ಶುರುವಾಗಲಿ

ಮಲಗಲು ಹಾಸಿಗೆ, ಬೇಯಿಸಲು ಒಲೆ, ಜೊತೆಗೆ ಶೌಚಾಲಯ, ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡ ಕ್ಯಾರವಾನ್‌ನಲ್ಲಿ ಕರಾವಳಿ ಸುತ್ತುವ ಆಸೆ ಈಗ ನಮ್ಮವರಲ್ಲೂ ಹುಟ್ಟುತ್ತಿದೆ. ಆದರೆ ಬಹುತೇಕರ ಯೋಜನೆ ಒಂದೇ: ರಾತ್ರಿಯಿಡೀ ಓಡಿಸಿ ಘಟ್ಟ ಇಳಿಯುವುದು, ಬೆಳಗಾದರೆ ಹೆದ್ದಾರಿ 66 ಹಿಡಿದು ತಲಪಾಡಿಯಿಂದ ಕಾರವಾರದತ್ತ ಧಾವಿಸುವುದು. ಅಷ್ಟಕ್ಕೆ ಕಾರು, ಲಾಡ್ಜು ಸಾಕು. ಮನೆಯನ್ನೇ ಜೊತೆಗೊಯ್ಯುವವನಿಗೆ ಸಿಗುವ ಲಾಭ ದಾರಿಯಲ್ಲಿದೆ, ನಿಂತಲ್ಲಿದೆ. ಹಾಗಾಗಿ ಈ ಪ್ರವಾಸ ಆರಂಭವಾಗಬೇಕಾದದ್ದು ಸಮುದ್ರದ ದಂಡೆಯಲ್ಲಲ್ಲ, ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಎಂಬುದು ನನ್ನ ವಾದ.

ಜಗಳೂರು ಒಣಭೂಮಿ. ಇಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಮಾಡಿದ್ದು ನಾಲ್ಕು ಕೊಂಬಿನ ಕೊಂಡುಕುರಿಗಾಗಿ. ದಾವಣಗೆರೆ ದಾಟಿ ಚನ್ನಗಿರಿಯ ಹಾದಿ ಹಿಡಿದರೆ ಸಂತೆಬೆನ್ನೂರಿನ ಪುಷ್ಕರಿಣಿ, ಅದರ ಪಕ್ಕದಲ್ಲೇ ಮುಸಾಫಿರ್‌ಖಾನೆ. ಮುಂದೆ ಗುಡ್ಡಗಳ ನಡುವೆ ಸೂಳೆಕೆರೆ, ಆಮೇಲೆ ಅಡಿಕೆ ತೋಟಗಳು. ಹೊನ್ನಾಳಿಯಲ್ಲಿ ತುಂಗಭದ್ರೆ. ನ್ಯಾಮತಿಗೆ ಬರುವಷ್ಟರಲ್ಲಿ ಮಲೆನಾಡಿನ ಹಸಿರು ಕಾಣಿಸಿಕೊಳ್ಳುತ್ತದೆ. ಶಿವಮೊಗ್ಗ, ಸಾಗರ, ಗೇರುಸೊಪ್ಪೆಯ ಮೇಲೆ ಇಳಿದರೆ ಶರಾವತಿ ಕಡಲು ಸೇರುವ ಹೊನ್ನಾವರ. ಕಾರಿನಲ್ಲಿ ಇದು ಒಂದು ದಿನದ ದಾರಿ. ವಾರವಿಡೀ ಹೋದವನಿಗೆ ಮಾತ್ರ ಮಣ್ಣಿನ ಬಣ್ಣ, ಊಟದ ರುಚಿ, ಮನೆಯ ಮಾಡು ಹೇಗೆ ಬದಲಾಗುತ್ತಾ ಹೋಗುತ್ತವೆಂಬುದು ತಿಳಿದೀತು.

ಸಂಸಾರ ಸಮೇತ ಸಂಚರಿಸುವುದು ಈ ನೆಲಕ್ಕೆ ಹೊಸದೇನೂ ಅಲ್ಲ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಲಂಬಾಣಿಗರು ನಂಬುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಹೇರೆತ್ತುಗಳ ಮೇಲೆ ಉಪ್ಪು, ದವಸ ಹೊತ್ತು ದೇಶದ ಉದ್ದಗಲ ಓಡಾಡಿದ ಜನ ಅವರು. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯಕ್ಕೆ ದವಸ ಒದಗಿಸಿದವರಲ್ಲೂ ಅವರಿದ್ದರು. ಎತ್ತಿಗೆ ಮೇವು, ನೀರು, ಬೀಡು ಬಿಡಲು ಬಯಲು ಇದ್ದಲ್ಲಿ ತಂಗುವುದು ಅವರ ಪದ್ಧತಿ. ತಂಗುದಾಣವಿಲ್ಲದಿದ್ದರೆ ಎಂಥ ಗಟ್ಟಿ ಎತ್ತೂ ಪ್ರಯೋಜನಕ್ಕೆ ಬಾರದು. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ನೀತಿ ತಂದಾಗ ವಾಹನದ ಜೊತೆಗೇ ಅದು ನಿಲ್ಲುವ ಪಾರ್ಕುಗಳನ್ನೂ ಸೇರಿಸಿದ್ದು ಇದೇ ಕಾರಣಕ್ಕೆ.

ಹೋಲಿಕೆ ಸರಿಯಲ್ಲ ಎನ್ನಬಹುದು. ಲಂಬಾಣಿಗರದು ಹೊಟ್ಟೆಪಾಡು, ನಮ್ಮದು ವಿಹಾರ. ರೈಲು ಬಂದು ಅವರ ವ್ಯಾಪಾರ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಳಂಕ ಅವರಲ್ಲೂ ಹಲವರಿಗೆ ತಗುಲಿತು. ಕಾಫಿ ತೋಟಗಳಿಗೆ ಗುಳೆ ಹೋಗುವವರು ಇಂದಿಗೂ ಇದ್ದಾರೆ. ಇದನ್ನು ಮರೆತು ಅಲೆಮಾರಿ ಬದುಕನ್ನು ಹಾಡಿ ಹೊಗಳುವುದು ಅಸಹ್ಯ. ಆದರೆ ನಾನು ಎರವಲು ಕೇಳುತ್ತಿರುವುದು ಅವರ ಕಷ್ಟವನ್ನಲ್ಲ, ಪಯಣದ ಲೆಕ್ಕಾಚಾರವನ್ನು.

ಗಟ್ಟಿಯಾದ ಆಕ್ಷೇಪವಿರುವುದು ಕೊಳೆಯ ಬಗ್ಗೆ. ಕ್ಯಾರವಾನ್‌ನಲ್ಲಿ ಶುದ್ಧನೀರಿಗೊಂದು ಟ್ಯಾಂಕು, ಪಾತ್ರೆ ತೊಳೆದ ನೀರಿಗೊಂದು, ಶೌಚಕ್ಕೆ ಬೇರೆಯೇ ಒಂದು. ಮೂರನೆಯ ಟ್ಯಾಂಕನ್ನು ಎಲ್ಲಿ ಖಾಲಿ ಮಾಡುವುದು? ಸೂಳೆಕೆರೆಯ ಏರಿ ಪಕ್ಕವೋ ಮರವಂತೆ ಬೀಚಿನ ಮರಳೋ ಆದರೆ ಇಂಥ ಪ್ರವಾಸ ಬೇಡವೇ ಬೇಡ. ವನ್ಯಜೀವಿಧಾಮದೊಳಗೆ ತಂಗುವ ಮಾತೂ ಇಲ್ಲ. ದೊಡ್ಡ ಗಾಡಿಯಾದರೆ ಆಗುಂಬೆಯ ಕಡಿದಾದ ತಿರುವುಗಳ ಆಸೆ ಬಿಡಬೇಕು. ಗೇರುಸೊಪ್ಪೆಯ ಘಟ್ಟವನ್ನೂ ಕೆಳಗಿನ ಗೇರಿನಲ್ಲಿ, ಮಳೆಗಾಲ ಕಳೆದ ಮೇಲೆ ಇಳಿಯುವುದು ಲೇಸು. ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ನಲ್ಲಿ, ಒಳಚರಂಡಿಗೆ ಸೇರುವ ಒಂದು ಗುಂಡಿ, ಒಂದು ದೀಪ, ಒಬ್ಬ ಕಾವಲುಗಾರನನ್ನು ಪಂಚಾಯ್ತಿ ಒದಗಿಸಿ ರಾತ್ರಿಗಿಷ್ಟು ಎಂದು ಶುಲ್ಕ ವಸೂಲಿ ಮಾಡಲಿ. ಬೀಚಿನಲ್ಲಿ ಇನ್ನೊಂದು ರೆಸಾರ್ಟ್ ಕಟ್ಟುವುದಕ್ಕಿಂತ ಇದರ ಖರ್ಚು ಎಷ್ಟೋ ಕಡಿಮೆ.