ಗಂಡು ಕಾವಿಗೆ ಕುಳಿತಾಗ

ಗಂಡು ಬಲಶಾಲಿ, ಹೆಣ್ಣು ಮೃದು. ಇದು ಪ್ರಕೃತಿ ನಿಯಮ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಭೌತವಿಜ್ಞಾನದಲ್ಲಿ ಒಂದು ಹೇಳಿಕೆಯನ್ನು ನಿಯಮವೆಂದು ಒಪ್ಪುವ ಮೊದಲು ಪರಿಸ್ಥಿತಿಯನ್ನು ತಿರುವುಮುರುವು ಮಾಡಿ ನೋಡುತ್ತೇವೆ. ಗಂಡು ಹೆಣ್ಣುಗಳ ದೈಹಿಕ ಪಾತ್ರಗಳು ಅದಲುಬದಲಾದರೆ ಸಮಾಜ ಹೇಗಿದ್ದೀತು? ಇದಕ್ಕೆ ಕಲ್ಪನೆಯ ಅಗತ್ಯವೂ ಇಲ್ಲ. ಅಂಥದೊಂದು ಸಮಾಜ ನಮ್ಮ ತಾವರೆ ಕೆರೆಗಳಲ್ಲೇ ಇದೆ.

ಉದ್ದಬಾಲದ ದೇವನಕ್ಕಿಯನ್ನು ಗಮನಿಸಿ. ಹೆಣ್ಣಿನ ತೂಕ ಗಂಡಿನ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಮಳೆಗಾಲದಲ್ಲಿ ಗಂಡುಗಳಿಗಾಗಿ ಹೆಣ್ಣುಗಳು ಕಾದಾಡುತ್ತವೆ. ಗೆದ್ದ ಹೆಣ್ಣು ತೇಲುವ ಗೂಡಿನಲ್ಲಿ ನಾಲ್ಕು ಮೊಟ್ಟೆಯಿಟ್ಟು ಇನ್ನೊಂದು ಗಂಡನ್ನು ಅರಸಿ ಹೊರಡುತ್ತದೆ. ಸುಮಾರು 26 ದಿನ ಕಾವು ಕೊಡುವುದು, ಆಮೇಲೆ ಮರಿಗಳನ್ನು ಕಾಯುವುದು ಗಂಡಿನ ಪಾಲು.

ಹೀಗೇಕೆ? ಸಂತಾನಕ್ಕಾಗಿ ಕಡಿಮೆ ತೊಡಗಿಸುವ ಲಿಂಗವು ಹೆಚ್ಚು ತೊಡಗಿಸುವ ಲಿಂಗಕ್ಕಾಗಿ ಸ್ಪರ್ಧಿಸುತ್ತದೆ ಎಂದು ರಾಬರ್ಟ್ ಟ್ರಿವರ್ಸ್ 1972ರಲ್ಲಿ ವಾದಿಸಿದರು. 1991ರಲ್ಲಿ ಕ್ಲಟನ್-ಬ್ರಾಕ್ ಮತ್ತು ವಿನ್ಸೆಂಟ್ ಇದನ್ನು ಅಳೆಯಬಹುದಾದ ಪರಿಮಾಣಕ್ಕೆ ತಂದರು: ಯಾವ ಲಿಂಗವು ಹೆಚ್ಚು ವೇಗವಾಗಿ ಸಂತಾನೋತ್ಪತ್ತಿ ಮಾಡಬಲ್ಲದೋ ಅದೇ ಸ್ಪರ್ಧೆಗಿಳಿಯುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೊಂದರಂತೆ ನಾಲ್ಕು ಮೊಟ್ಟೆಗೆ ನಾಲ್ಕು ದಿನ. ಕಾವಿಗೆ 26 ದಿನ. ಒಂದು ಗಂಡು ಗೂಡು ಬಿಟ್ಟೇಳುವುದರೊಳಗೆ ಹೆಣ್ಣು, ಕಾಗದದ ಮೇಲಾದರೂ, ಆರು ಗಂಡುಗಳಿಗೆ ಮೊಟ್ಟೆಯಿಡಬಹುದು. ವಾಸ್ತವದಲ್ಲಿ ಅಷ್ಟಾಗದು, ಮೊಟ್ಟೆ ಕಟ್ಟಲು ಆಹಾರ ಬೇಕಲ್ಲ! ಆದರೂ ಬಿಡುವಾಗಿರುವ ಗಂಡು ದುರ್ಲಭ ವಸ್ತುವಾಗುತ್ತದೆ. ಸರಣಿಯಲ್ಲಿ ಜೋಡಿಸಿದ 4 ಓಮ್ ಮತ್ತು 26 ಓಮ್ ರೋಧಕಗಳಲ್ಲಿ ವಿದ್ಯುತ್ ಪ್ರವಾಹವನ್ನು ಮುಖ್ಯವಾಗಿ ತಡೆಯುವುದು ಯಾವುದು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಈ ಮಾತು ಥಟ್ಟನೆ ಹೊಳೆಯುತ್ತದೆ.

ಪಾತ್ರದೊಂದಿಗೆ ಕ್ರೌರ್ಯವೂ ಕೈ ಬದಲಾಯಿಸುತ್ತದೆ. ಹೊಸದಾಗಿ ಬಂದ ಗಂಡುಸಿಂಹ ಹಿಂದಿನ ಗಂಡಿನ ಮರಿಗಳನ್ನು ಕೊಲ್ಲುವುದನ್ನು ಓದಿರುತ್ತೀರಿ. ಪನಾಮಾದಲ್ಲಿ ಸ್ಟೀಫನ್ ಎಮ್ಲೆನ್ ಮತ್ತು ಸಂಗಡಿಗರು ದೇವನಕ್ಕಿಯ ಇನ್ನೊಂದು ಪ್ರಭೇದದಲ್ಲಿ ಕೆಲವು ಹೆಣ್ಣುಗಳನ್ನು ನೆಲೆಯಿಂದ ತೆಗೆದರು. ಆ ಜಾಗಕ್ಕೆ ಬಂದ ಹೆಣ್ಣುಗಳು ಮರಿಗಳನ್ನು ಕೊಂದವು ಇಲ್ಲವೇ ಓಡಿಸಿದವು. ಬಳಿಕ ಅದೇ ಗಂಡುಗಳೊಂದಿಗೆ ಕೂಡಿದವು. 1989ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಓದಿದ ಮೇಲೆ 'ಹೆಣ್ಣಿನ ಸಹಜ ವಾತ್ಸಲ್ಯ' ಎಂಬ ನುಡಿಯನ್ನು ಪಾಠದಲ್ಲಿ ಬಳಸಲು ನನಗೆ ಹಿಂಜರಿಕೆ. ಹಾಗೆಂದು ಇದನ್ನು ನೇರವಾಗಿ ಮನುಷ್ಯರಿಗೆ ಅನ್ವಯಿಸುವುದೂ ದುಡುಕೇ. ದೇವನಕ್ಕಿಗೆ ಅಜ್ಜಿಯಿಲ್ಲ, ಅಂಗನವಾಡಿಯಿಲ್ಲ. ಮಗುವಿಗೆ ಯಾರ ಸಮಯ ಎಷ್ಟು ಎಂಬುದನ್ನು ನಾವು ಬದಲಿಸಬಲ್ಲೆವು.

ಗಂಡೇ ಬಸಿರಾದರೆ ಪಾತ್ರ ತಿರುಗಲೇಬೇಕೆ? ಹಾಗೇನಿಲ್ಲ. ಕಡಲ್ಗುದುರೆಯಲ್ಲಿ ಗಂಡು ತನ್ನ ಚೀಲದಲ್ಲಿ ಮರಿಗಳನ್ನು ಹೊರುತ್ತದೆ. ಆದರೂ ಸಂಗಾತಿಗಾಗಿ ಹೆಚ್ಚು ಸೆಣಸುವುದು ಗಂಡೇ ಎಂದು ಅಮಾಂಡಾ ವಿನ್ಸೆಂಟ್ 1994ರಲ್ಲಿ ತೋರಿಸಿದರು. ಅದರ ಬಂಧುವಾದ, ಯೂರೋಪಿನ ಕರಾವಳಿಯ ಒಂದು ಪೈಪ್ ಮೀನಿನಲ್ಲಿ ಕತೆ ಬೇರೆ. ಅಲ್ಲಿ ಒಂದು ಗಂಡಿನ ಬಸಿರಿನ ಅವಧಿಯಲ್ಲಿ ಹೆಣ್ಣು ಸುಮಾರು ಎರಡು ಗಂಡುಗಳಿಗಾಗುವಷ್ಟು ಮೊಟ್ಟೆ ತಯಾರಿಸುತ್ತದೆ. ಹಾಗಾಗಿ ಹೆಣ್ಣುಗಳೇ ಸ್ಪರ್ಧಿಗಳು. ನೀರು ಬೆಚ್ಚಗಾದರೆ ಭ್ರೂಣ ಬೇಗ ಬೆಳೆಯುತ್ತದೆ, ಗಂಡು ಬೇಗ ಬಿಡುವಾಗುತ್ತದೆ, ಎರಡರ ನಡುವಿನ ಅಂತರ ಕಿರಿದಾಗುತ್ತದೆ. ಯಾರು ಯಾರನ್ನು ಅರಸಬೇಕು ಎಂಬುದರಲ್ಲಿ ಇಲ್ಲಿ ತಾಪಮಾಪಕಕ್ಕೂ ಒಂದು ಪಾಲಿದೆ.