ಸಲಾಡ್ ಫೋರ್ಕ್: ಔತಣದ ಮೇಜಿನಿಂದ ಉದ್ಯಮಕ್ಕೊಂದು ಪಾಠ

ಪಾಶ್ಚಾತ್ಯ ಶೈಲಿಯ ವಿಧ್ಯುಕ್ತ ಔತಣಕೂಟದಲ್ಲಿ ಮೊದಲ ಬಾರಿಗೆ ಪಾಲ್ಗೊಳ್ಳುವವರನ್ನು ಗಲಿಬಿಲಿಗೊಳಿಸುವುದು ಭಕ್ಷ್ಯಗಳಲ್ಲ. ತಟ್ಟೆಯ ಎಡಬಲಗಳಲ್ಲಿ ಸಾಲಾಗಿ ಜೋಡಿಸಿಟ್ಟ ಪರಿಕರಗಳು. ಎಡಭಾಗದಲ್ಲಿ ಎರಡು ಅಥವಾ ಮೂರು ಫೋರ್ಕ್‌ಗಳಿರುತ್ತವೆ. ಅವುಗಳಲ್ಲಿ ಗಿಡ್ಡವಾಗಿ, ಅಗಲವಾದ ಮುಳ್ಳುಗಳಿಂದ ಕೂಡಿದುದೇ ಸಲಾಡ್ ಫೋರ್ಕ್. ನೋಡಲು ಅತ್ಯಲ್ಪವಾದ ಈ ವಸ್ತುವಿನ ಹಿಂದೆ ಲೋಹ, ಗಣಿ, ಮಾರುಕಟ್ಟೆ ಮತ್ತು ಕಾರ್ಖಾನೆಗಳ ಏಳುಬೀಳುಗಳ ಚರಿತ್ರೆಯೇ ಅಡಗಿದೆ.

ಸ್ಥಾನ ಮತ್ತು ಆಕಾರ

ಮೇಜಿನ ಶಿಷ್ಟಾಚಾರದ ಮೂಲಸೂತ್ರ ಸರಳವಾದುದು. ಹೊರಗಿನಿಂದ ಆರಂಭಿಸಿ ತಟ್ಟೆಯ ಕಡೆಗೆ ಬರುವಂತೆ ಪರಿಕರಗಳನ್ನು ಬಳಸಬೇಕು. ಅಮೆರಿಕದಲ್ಲಿ ಸಲಾಡನ್ನು ಸಾಮಾನ್ಯವಾಗಿ ಮುಖ್ಯ ಭಕ್ಷ್ಯಕ್ಕೆ ಮೊದಲು ಬಡಿಸುವುದರಿಂದ ಸಲಾಡ್ ಫೋರ್ಕ್ ಹೊರಗಡೆ ಇರುತ್ತದೆ. ಫ್ರಾನ್ಸಿನ ಸಂಪ್ರದಾಯದಂತೆ ಮುಖ್ಯ ಭಕ್ಷ್ಯದ ನಂತರ ಬಡಿಸುವುದಾದರೆ ಅದು ತಟ್ಟೆಯ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಫೋರ್ಕಿನ ಸ್ಥಾನವನ್ನು ನೋಡಿಯೇ ಊಟದ ಕ್ರಮವನ್ನು ಅರಿಯಬಹುದು.

ಊಟದ ಫೋರ್ಕ್ ಏಳು ಅಂಗುಲಕ್ಕೂ ಮಿಗಿಲಾಗಿದ್ದರೆ, ಸಲಾಡ್ ಫೋರ್ಕ್ ಸುಮಾರು ಆರು ಅಂಗುಲ ಉದ್ದವಿರುತ್ತದೆ. ಅನೇಕ ವಿನ್ಯಾಸಗಳಲ್ಲಿ ಅದರ ಎಡಗಡೆಯ ಮುಳ್ಳು ಉಳಿದವುಗಳಿಗಿಂತ ಅಗಲವಾಗಿರುವುದುಂಟು. ಇದು ಕೇವಲ ಅಲಂಕಾರಕ್ಕಾಗಿ ಅಲ್ಲ. ಸಲಾಡಿನಲ್ಲಿ ವಿನೆಗರ್ ಇರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬರುವುದಕ್ಕೆ ಮೊದಲು ಚಾಕುವಿನ ಅಲಗು ಸಾಮಾನ್ಯ ಉಕ್ಕಿನದಾಗಿತ್ತು. ಹುಳಿ ತಾಗಿದರೆ ಅಲಗು ಕಪ್ಪಾಗುತ್ತಿತ್ತು, ಆಹಾರಕ್ಕೂ ಲೋಹದ ರುಚಿ ಹತ್ತುತ್ತಿತ್ತು. ಆದುದರಿಂದ ಸೊಪ್ಪನ್ನು ಚಾಕುವಿನಿಂದ ಕತ್ತರಿಸದೆ ಫೋರ್ಕಿನ ಅಂಚಿನಿಂದಲೇ ತುಂಡರಿಸುವ ರೂಢಿ ಬೆಳೆಯಿತು. ಆ ಕೆಲಸಕ್ಕೆ ಅಗಲವಾದ ಮುಳ್ಳು ಅನುಕೂಲವಾಯಿತು.

ಬೇಡಿಕೆ ಹುಟ್ಟಿದ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಮೂರು ಬೆಳವಣಿಗೆಗಳು ಒಟ್ಟುಗೂಡಿದವು. ಎಲ್ಲ ಭಕ್ಷ್ಯಗಳನ್ನೂ ಒಮ್ಮೆಗೇ ಮೇಜಿನ ಮೇಲಿಡುವ ಫ್ರೆಂಚ್ ಪದ್ಧತಿ ಹಿಂದೆ ಸರಿದು, ಒಂದಾದ ಮೇಲೊಂದರಂತೆ ಬಡಿಸುವ ರಷ್ಯನ್ ಪದ್ಧತಿ ರೂಢಿಗೆ ಬಂದಿತು. ಸರದಿಗೊಂದು ಪರಿಕರ ಬೇಕೆಂಬ ಭಾವನೆಗೆ ಇದು ಎಡೆಮಾಡಿತು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್‌ಟನ್ ಸಂಸ್ಥೆಯವರು ವಿದ್ಯುತ್ತಿನಿಂದ ಬೆಳ್ಳಿಲೇಪ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಬೆಳ್ಳಿಯ ಹೊಳಪು ಮಧ್ಯಮ ವರ್ಗದ ಕೈಗೂ ಎಟುಕಿತು. 1859ರಲ್ಲಿ ಅಮೆರಿಕದ ನೆವಾಡ ಪ್ರದೇಶದಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ನಿಕ್ಷೇಪ ಪತ್ತೆಯಾಗಿ ಕಚ್ಚಾವಸ್ತು ಹೇರಳವಾಯಿತು.

ಅಮೆರಿಕದ ಬೆಳ್ಳಿ ತಯಾರಕರು ಈ ಅವಕಾಶವನ್ನು ಬಿಡಲಿಲ್ಲ. ಸಿಂಪಿಗೊಂದು, ಮೀನಿಗೊಂದು, ಹಣ್ಣಿಗೊಂದು, ಐಸ್‌ಕ್ರೀಮಿಗೊಂದು ಎಂದು ಫೋರ್ಕ್‌ಗಳನ್ನು ರೂಪಿಸಿದರು. ಸಲಾಡ್ ಫೋರ್ಕ್ ಬೆಳೆದದ್ದೂ ಈ ವಾತಾವರಣದಲ್ಲಿಯೇ. ಶಿಷ್ಟಾಚಾರದ ಕೈಪಿಡಿಗಳು ಯಾವುದನ್ನು ಎಲ್ಲಿ ಇಡಬೇಕೆಂದು ತಿಳಿಸಿದವು. ಗೃಹಿಣಿಯರು ಅದರಂತೆ ಖರೀದಿಸಿದರು.

ಮಿತಿಮೀರಿದ ಬಗೆಗಳು

ಕ್ರಮೇಣ ಒಂದೇ ವಿನ್ಯಾಸದಲ್ಲಿ ನೂರಕ್ಕೂ ಹೆಚ್ಚು ಬಗೆಯ ಪರಿಕರಗಳು ಪಟ್ಟಿಗೆ ಸೇರಿದವು. ಪ್ರತಿಯೊಂದು ಬಗೆಗೂ ಪ್ರತ್ಯೇಕ ಅಚ್ಚು, ಪ್ರತ್ಯೇಕ ದಾಸ್ತಾನು. ವರ್ಷಕ್ಕೆ ಕೆಲವೇ ಡಜನ್ ಮಾರಾಟವಾಗುವ ಸರಕಿನಲ್ಲಿ ಬಂಡವಾಳ ಸಿಲುಕಿಕೊಂಡರೆ ಏನಾಗುವುದೆಂಬುದನ್ನು ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ. 1920ರ ದಶಕದಲ್ಲಿ ಅಮೆರಿಕದ ವಾಣಿಜ್ಯ ಸಚಿವರಾಗಿದ್ದ, ಮುಂದೆ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಅವರು ಒಂದು ವಿನ್ಯಾಸದಲ್ಲಿ 55ಕ್ಕಿಂತ ಹೆಚ್ಚು ಬಗೆಗಳು ಬೇಡವೆಂಬ ಶಿಫಾರಸಿಗೆ ಕಾರಣರಾದರು. ವೃಥಾ ವೆಚ್ಚವನ್ನು ತಡೆಯುವುದು ಅದರ ಉದ್ದೇಶವಾಗಿತ್ತು.

ಐಸ್‌ಕ್ರೀಮ್ ಫೋರ್ಕ್ ಹಳೆಯ ವಸ್ತುಗಳ ಸಂಗ್ರಾಹಕರ ಪಾಲಾಯಿತು; ಸಲಾಡ್ ಫೋರ್ಕ್ ಉಳಿಯಿತು. ಸಲಾಡ್ ನಿತ್ಯದ ಊಟದಲ್ಲಿ ಸ್ಥಾನ ಪಡೆದದ್ದು ಒಂದು ಕಾರಣ. ಅದೇ ಫೋರ್ಕ್ ಕೇಕಿಗೂ ಹಣ್ಣಿಗೂ ಒದಗುತ್ತದೆಂಬುದು ಇನ್ನೊಂದು.

ಉಕ್ಕು ತಂದ ಬದಲಾವಣೆ

1913ರಲ್ಲಿ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಅವರು ಸ್ಟೇನ್‌ಲೆಸ್ ಸ್ಟೀಲನ್ನು ರೂಪಿಸಿದ ಬಳಿಕ ಹುಳಿಯ ಭಯ ದೂರವಾಯಿತು. ಉಜ್ಜಿ ಹೊಳಪು ನೀಡಬೇಕಾದ ಬೆಳ್ಳಿಗೆ ಮನೆಗಳಲ್ಲಿ ಬೇಡಿಕೆ ಇಳಿಯುತ್ತಾ ಹೋಯಿತು. 1824ರಷ್ಟು ಹಿಂದೆ ಬೇರುಳ್ಳ ರೀಡ್ ಅಂಡ್ ಬಾರ್ಟನ್ ಸಂಸ್ಥೆ 2015ರಲ್ಲಿ ದಿವಾಳಿ ರಕ್ಷಣೆ ಕೋರಿತು. ಉಕ್ಕಿನ ಪರಿಕರಗಳಿಗೆ ಹೆಸರಾದ ಒನೈಡಾ ಕೂಡ ಆಮದಿನ ಅಗ್ಗದ ಸರಕಿನ ಮುಂದೆ ನಿಲ್ಲಲಾರದೆ, ನ್ಯೂಯಾರ್ಕ್ ರಾಜ್ಯದ ಷೆರಿಲ್ ಪಟ್ಟಣದಲ್ಲಿನ ತಯಾರಿಕೆಯನ್ನು 2005ರಲ್ಲಿ ಕೈಬಿಟ್ಟಿತು. ಅಲ್ಲಿಯೇ ದುಡಿಯುತ್ತಿದ್ದ ಇಬ್ಬರು ಆ ಕಾರ್ಖಾನೆಯನ್ನು ಕೊಂಡು, 2010ರಲ್ಲಿ ಯಂತ್ರಗಳು ಸ್ತಬ್ಧವಾದರೂ ಎದೆಗುಂದದೆ, ತಮ್ಮದೇ ಬ್ರ್ಯಾಂಡಿನಲ್ಲಿ ಗ್ರಾಹಕರಿಗೆ ನೇರವಾಗಿ ಮಾರುವ ದಾರಿ ಹಿಡಿದು ಉತ್ಪಾದನೆಯನ್ನು ಪುನರಾರಂಭಿಸಿದರು.

ನಮ್ಮ ಉದ್ಯಮಿಗಳ ಗಮನಕ್ಕೆ

ಸ್ಟೀಲ್ ಪರಿಕರಗಳನ್ನು ರಫ್ತು ಮಾಡಬಯಸುವವರಿಗೆ ಈ ವೃತ್ತಾಂತ ಪ್ರಯೋಜನಕಾರಿ. ಅಮೆರಿಕದಲ್ಲಿ ಒಬ್ಬರ ಸೆಟ್ ಎಂದರೆ ಸಾಮಾನ್ಯವಾಗಿ ಐದು ವಸ್ತುಗಳು: ಊಟದ ಫೋರ್ಕ್, ಸಲಾಡ್ ಫೋರ್ಕ್, ಚಾಕು, ದೊಡ್ಡ ಚಮಚ, ಟೀ ಚಮಚ. ಯೂರೋಪಿನ ಮೂಲ ಸೆಟ್‌ಗಳಲ್ಲಿ ಸಲಾಡ್ ಫೋರ್ಕ್ ಇರಲೇಬೇಕೆಂಬ ರೂಢಿಯಿಲ್ಲ; ಅಲ್ಲಿನ ಊಟದ ಫೋರ್ಕ್ ಕೂಡ ಹೆಚ್ಚು ಉದ್ದವಿರುತ್ತದೆ. ಆದುದರಿಂದ ಹೆಸರನ್ನಷ್ಟೇ ನಂಬದೆ ಅಳತೆ, ದಪ್ಪ, ತೂಕ ಮತ್ತು ಉಕ್ಕಿನ ದರ್ಜೆಯನ್ನು ನಮೂದಿಸಿದ ನಕ್ಷೆಗೆ ಖರೀದಿದಾರರ ಸಹಿ ಪಡೆದು, ನಂತರವೇ ಅಚ್ಚು ಮಾಡಿಸುವುದು ಕ್ಷೇಮ. 18/8 ಎಂದರೆ ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್. 18/10 ಎಂದರೆ ನಿಕ್ಕಲ್ ಪ್ರಮಾಣ ಹೆಚ್ಚು, ಬೆಲೆಯೂ ಹೆಚ್ಚು. ಚಮಚ ಮತ್ತು ಫೋರ್ಕ್‌ಗಳು ಎಚ್‌ಎಸ್‌ಎನ್ 8215ರ ಅಡಿಯಲ್ಲಿ ಬರುತ್ತವೆ. ಅದರಲ್ಲಿಯೂ ಸೆಟ್‌ಗಳಿಗೆ ಮತ್ತು ಬಿಡಿ ವಸ್ತುಗಳಿಗೆ ಬೇರೆ ಬೇರೆ ಉಪಶೀರ್ಷಿಕೆಗಳಿರುವುದರಿಂದ ಇನ್‌ವಾಯ್ಸ್ ಸಿದ್ಧಪಡಿಸುವಾಗ ಎಚ್ಚರ ಅಗತ್ಯ.

ಪಟ್ಟಿಯಲ್ಲಿ ಬಗೆಗಳನ್ನು ಹೆಚ್ಚಿಸುವುದು ಸುಲಭ. ಅವುಗಳ ದಾಸ್ತಾನನ್ನು ಕರಗಿಸುವುದು ಕಷ್ಟ. ಒಂದಕ್ಕಿಂತ ಹೆಚ್ಚು ಉಪಯೋಗಕ್ಕೆ ಒದಗಿದ ಫೋರ್ಕ್ ಮೇಜಿನ ಮೇಲೆ ಉಳಿಯಿತು. ತಮ್ಮ ಉತ್ಪನ್ನಗಳ ಪಟ್ಟಿಯಲ್ಲಿ ಯಾವುದು ಸಲಾಡ್ ಫೋರ್ಕ್, ಯಾವುದು ಐಸ್‌ಕ್ರೀಮ್ ಫೋರ್ಕ್ ಎಂಬುದನ್ನು ಪ್ರತಿ ಉದ್ಯಮಿಯೂ ವರ್ಷಕ್ಕೊಮ್ಮೆ, ದಾಸ್ತಾನು ಎಣಿಸುವ ಸಮಯದಲ್ಲಾದರೂ, ಪರಿಶೀಲಿಸುವುದು ಒಳಿತು.